ಎರವಲು ಪುಸ್ತಕ: ಚಿತ್ರದುರ್ಗ ಸೀಮೆಯ ವಿರಾಮವಾಚನದ ಚರಿತ್ರೆಗೆ ಒಂದು ಪೀಠಿಕೆ

೧

ಗ್ರಂಥಾಲಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕಟ್ಟಡಗಳ ಚರಿತ್ರೆಯನ್ನೊ ಕಾಯಿದೆಗಳ ಚರಿತ್ರೆಯನ್ನೊ ಬರೆದಿರುವರು. ಯಾವ ಅರಸರ ಕಾಲದಲ್ಲಿ ಭವನಕ್ಕೆ ಅಸ್ತಿಭಾರ ಬಿದ್ದಿತು, ಯಾವ ವರ್ಷ ಶಾಸನಸಭೆ ಮಸೂದೆಯನ್ನು ಒಪ್ಪಿತು, ಕಪಾಟುಗಳಲ್ಲಿ ಎಷ್ಟು ಸಂಪುಟಗಳು ಕೂಡಿದುವು ಎಂಬ ವಿವರಗಳು ವಾರ್ಷಿಕ ವರದಿಗಳಲ್ಲಿ ಸುಲಭವಾಗಿ ದೊರೆಯುವುದರಿಂದ ಚರಿತ್ರಕಾರನ ಲೇಖನಿ ಆ ಕಡೆಗೇ ಹರಿಯುವುದು ಸಹಜ. ಆದರೆ ಸಂಜೆಯ ಹೊತ್ತು ಗ್ರಂಥಾಲಯದ ಮೆಟ್ಟಿಲು ಹತ್ತಿ, ಒಂದು ಕಾದಂಬರಿಯನ್ನು ಆರಿಸಿ, ದಫ್ತರದಲ್ಲಿ ಸಹಿಮಾಡಿ, ಅದನ್ನು ಮನೆಗೆ ಕೊಂಡೊಯ್ದ ಓದುಗನನ್ನು ಆ ವರದಿಗಳು ಒಂದು ಅಂಕಿಯಾಗಿ ಮಾತ್ರ ಬಲ್ಲವು. ಅವನು ಪರೀಕ್ಷೆಗಾಗಿ ಓದಿದವನಲ್ಲ. ಪಾಂಡಿತ್ಯಕ್ಕಾಗಿ ಓದಿದವನೂ ಅಲ್ಲ. ದುಡಿಮೆ ಮುಗಿದ ಮೇಲೆ ಹೊತ್ತು ಹೋಗಲೆಂದು, ಮನಸ್ಸಿಗೆ ಸಂತೋಷವಾಗಲೆಂದು ಓದಿದವನು. ಇಂತಹ ಓದನ್ನು ನಾವು ಇಲ್ಲಿ ವಿರಾಮವಾಚನವೆಂದು ಕರೆಯುತ್ತೇವೆ.

ಈ ಲೇಖನದಲ್ಲಿ ನಾವು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳನ್ನು ಕಣ್ಣಮುಂದಿರಿಸಿಕೊಂಡು ಈ ವಿಷಯವನ್ನು ಪರಿಶೀಲಿಸಲಿದ್ದೇವೆ. ಈ ಊರುಗಳನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಇವುಗಳಲ್ಲಿ ಒಂದು ಜಿಲ್ಲೆಯ ಮುಖ್ಯಸ್ಥಳ, ಉಳಿದ ಮೂರು ತಾಲ್ಲೂಕಿನ ಮುಖ್ಯಸ್ಥಳಗಳು. ಬೆಂಗಳೂರು, ಮೈಸೂರು, ಧಾರವಾಡಗಳಂತೆ ಪ್ರಕಾಶನಕ್ಕೆ ಹೆಸರಾದ ಊರುಗಳಲ್ಲ. ಇಲ್ಲಿಗೆ ಪುಸ್ತಕ ಬಹುಮಟ್ಟಿಗೆ ಹೊರಗಿನಿಂದ ಬರಬೇಕು. ಬಂದ ಪುಸ್ತಕವನ್ನು ಕೊಳ್ಳಬಲ್ಲವರು ಕೆಲವರಾದುದರಿಂದ ಹೆಚ್ಚು ಜನರಿಗೆ ಅದು ಎರವಲಾಗಿಯೇ ದೊರೆಯಬೇಕು. ಎರಡನೆಯ ಕಾರಣ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇನ್ನಷ್ಟು ಹತ್ತಿರದ್ದು. ಈ ಸೀಮೆಯ ಪಾಳೆಯಗಾರರ ಚರಿತ್ರೆಯೇ ಕನ್ನಡದ ಜನಪ್ರಿಯ ಕಾದಂಬರಿಗೆ ವಸ್ತುವಾಯಿತು. ಜನ ತಮ್ಮ ಊರಿನ ಹಿಂದಣ ಕಥೆಯನ್ನು ವಿರಾಮವಾಚನದ ಮೂಲಕ ಅರಿತರು.

ನಮ್ಮ ವಾದವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ಸಾರ್ವಜನಿಕ ಗ್ರಂಥಾಲಯವನ್ನು ಕಟ್ಟಿದವರು ಅದನ್ನು ಮುಖ್ಯವಾಗಿ ಜ್ಞಾನಪ್ರಸಾರದ ಸಾಧನವೆಂದು ಭಾವಿಸಿದರು. ಓದುಗರಲ್ಲಿ ಬಹುಮಂದಿ ಅದನ್ನು ಸಂತೋಷದ ಸಾಧನವಾಗಿ ಬಳಸಿಕೊಂಡರು. ಗ್ರಂಥಾಲಯವು ಮನೆಮನೆಯನ್ನು ಮುಟ್ಟಿದುದು ಎರಡನೆಯ ಬಳಕೆಯಿಂದಲೇ ಹೊರತು ಮೊದಲನೆಯದರಿಂದಲ್ಲ. ಪುಸ್ತಕ ಮನೆಗೆ ಹೋಗುವುದಕ್ಕೆ ಎಲ್ಲಿ ಅಡ್ಡಿಯಾಯಿತೊ ಅಲ್ಲಿ ಗ್ರಂಥಾಲಯ ಕೆಲವು ಗಂಡಸರ ವಾಚನಾಲಯವಾಗಿ ಉಳಿಯಿತು.

೨

ಎರವು ಎಂಬ ಮಾತಿನಿಂದಲೇ ಹೊರಡೋಣ. ಕನ್ನಡದಲ್ಲಿ ಕಡ, ಎರವು ಎಂಬ ಎರಡು ಮಾತುಗಳಿರುವುವಷ್ಟೆ. ಕಡ ತಂದುದನ್ನು ಅಷ್ಟೇ ಅಳತೆಯ ಬೇರೆ ವಸ್ತುವಿನಿಂದ ತೀರಿಸಬಹುದು. ಎರವು ತಂದುದನ್ನಾದರೊ ಅದನ್ನೇ ಹಿಂದಿರುಗಿಸಬೇಕು. ನೆರೆಮನೆಯಿಂದ ತಂದ ಒಂದು ಸೇರು ರಾಗಿ ಕಡ. ಮದುವೆಗೆಂದು ತಂದ ಒಡವೆ ಎರವು. ಪುಸ್ತಕ ಈ ಎರಡನೆಯ ಬಗೆಗೆ ಸೇರಿದುದು. ಒಡವೆಯಂತೆ ಅದು ಬೆಲೆಯುಳ್ಳದ್ದು, ಸವೆಯುವಂಥದು, ಕಳೆದುಹೋಗುವಂಥದು. ಆದುದರಿಂದ ಕೊಡುವವನ ಮನಸ್ಸಿನಲ್ಲಿ ಯಾವಾಗಲೂ ಒಂದು ಅಳುಕು ಇದ್ದೇ ಇರುವುದು.

ಈ ಅಳುಕು ಹಳೆಯದು. ಪರರ ಕೈಗೆ ಹೋದ ಪುಸ್ತಕ ಹೋದಂತೆಯೇ ಸರಿ, ಬಂದರೂ ಹರಿದು ಹಾಳಾಗಿ ಬರುವುದೆಂದು ಎಚ್ಚರಿಸುವ ಸಂಸ್ಕೃತ ಸುಭಾಷಿತವೊಂದು ನಮ್ಮ ಹಳೆಯ ಉಪಾಧ್ಯಾಯರ ಬಾಯಲ್ಲಿ ನಿಂತಿದ್ದಿತು. ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಶ್ಲೋಕವೂ ಇದೇ ಭಾವದ್ದು: ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ಕಾಪಾಡಬೇಕೆಂದೂ ಮೂರ್ಖನ ಕೈಗೆ ಕೊಡಬಾರದೆಂದೂ ಅಲ್ಲಿ ಪುಸ್ತಕವೇ ಬೇಡಿಕೊಳ್ಳುವುದು. ಒಂದು ಪ್ರತಿ ಸಿದ್ಧವಾಗಬೇಕಾದರೆ ತಿಂಗಳುಗಟ್ಟಲೆ ಕಂಠವನ್ನು ಹಿಡಿದು ಬರೆಯಬೇಕಾಗಿದ್ದ ಕಾಲದಲ್ಲಿ ಇದು ಜಿಪುಣತನವಲ್ಲ, ವಿವೇಕ. ಮಠಗಳಲ್ಲಿ, ಜೋಯಿಸರ ಮತ್ತು ಶಾನುಭೋಗರ ಮನೆಗಳಲ್ಲಿ ಗ್ರಂಥಗಳು ಬಟ್ಟೆಯ ಗಂಟಿನೊಳಗೆ ಭದ್ರವಾಗಿದ್ದುವು. ಈ ಶತಮಾನದ ಹಿಂದಿನ ಶತಮಾನದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಇತಿಹಾಸಕ್ಕೆ ಸಂಬಂಧಪಟ್ಟ ಕೈಬರಹಗಳನ್ನು ಕಲೆಹಾಕಲು ಸಾಧ್ಯವಾದುದೂ ಇಂತಹ ಮನೆಗಳು ಅವುಗಳನ್ನು ಕೈಬಿಡದೆ ಇರಿಸಿಕೊಂಡಿದ್ದುದರಿಂದಲೇ.

ಹಾಗಾದರೆ ಜನಸಾಮಾನ್ಯರಿಗೆ ವಿರಾಮದ ಗ್ರಂಥಸುಖ ಇರಲಿಲ್ಲವೆಂದು ತಿಳಿಯಬಾರದು. ಪುಸ್ತಕ ಕೈಯಿಂದ ಕೈಗೆ ಹೋಗುತ್ತಿರಲಿಲ್ಲ. ಕಿವಿಯಿಂದ ಕಿವಿಗೆ ಹೋಗುತ್ತಿದ್ದಿತು. ಒಬ್ಬರು ಕುಮಾರವ್ಯಾಸ ಭಾರತವನ್ನೊ ಜೈಮಿನಿ ಭಾರತವನ್ನೊ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರಿನವರು ಗುಡಿಯ ಅಂಗಳದಲ್ಲಿ ಕುಳಿತು ಕೇಳುವುದು ಕನ್ನಡನಾಡಿನ ಹಳ್ಳಿಹಳ್ಳಿಯ ವಾಡಿಕೆ. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಬೀಳುವ ಈ ಸೀಮೆಯಲ್ಲಿ ಬೆಳೆಯೆಂದರೆ ಬಹುಪಾಲು ಖುಷ್ಕಿಯ ರಾಗಿ, ಜೋಳಗಳೇ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಮುಂಗಾರಿನ ತನಕ ಒಕ್ಕಲಿಗನಿಗೆ ಬಿಡುವು. ಆ ಬಿಡುವೇ ಬಯಲಾಟಕ್ಕೂ ಹರಿಕಥೆಗೂ ಪುರಾಣಶ್ರವಣಕ್ಕೂ ಕಾಲ. ಮುಂದೆ ಮುದ್ರಿತ ಪುಸ್ತಕ ಬಂದಾಗ ಅದು ಬರಿಯ ಶೂನ್ಯಕ್ಕೆ ಬರಲಿಲ್ಲ; ಕಥೆ ಕೇಳಿ ಪಳಗಿದ ಕಿವಿಗಳಿದ್ದ ನಾಡಿಗೆ ಬಂದಿತು. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಪುರಾಣದ ಓದಿನಲ್ಲಿ ಯಾವ ಕಥೆ, ಎಷ್ಟು ಹೊತ್ತು, ಯಾವ ಅರ್ಥ ಎಂಬುದನ್ನು ನಿರ್ಣಯಿಸುವವನು ಓದುವವನು. ಎರವಲು ಪುಸ್ತಕದಲ್ಲಿ ಆ ಅಧಿಕಾರ ಮೊದಲಬಾರಿಗೆ ಓದುಗನ ಕೈಗೆ ಬಂದಿತು.

೩

ಭಾರತದಲ್ಲಿ ಸಾರ್ವಜನಿಕ ಗ್ರಂಥಾಲಯವನ್ನು ರಾಜ್ಯದ ಕರ್ತವ್ಯವೆಂದು ಮೊದಲು ದೊಡ್ಡ ಪ್ರಮಾಣದಲ್ಲಿ ಒಪ್ಪಿಕೊಂಡುದು ಬರೋಡಾ ಸಂಸ್ಥಾನ. ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿಕೊಂಡು ಕೇಂದ್ರ ಗ್ರಂಥಾಲಯವನ್ನೂ ಹಳ್ಳಿಗಳಿಗೆ ಪೆಟ್ಟಿಗೆಗಳಲ್ಲಿ ಪುಸ್ತಕ ಕಳುಹಿಸುವ ಸಂಚಾರಿ ಗ್ರಂಥಾಲಯವನ್ನೂ ಏರ್ಪಡಿಸಿದರು. ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ಚಾಲನೆ ದೊರೆತುದು ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪಿತವಾದುವು. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವು ೧೯೧೫ರಲ್ಲಿ ಬೆಂಗಳೂರಿನ ಗ್ರಂಥಾಲಯಕ್ಕೆ ನೆಲೆಯಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದುದೂ ಅದೇ ವರ್ಷ. ಹಿರಿಯೂರಿನವರಿಗೆ ಶೇಷಾದ್ರಿ ಅಯ್ಯರವರ ಹೆಸರು ಬೇರೊಂದು ಕಾರಣದಿಂದ ಪರಿಚಿತ: ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರದ ಕೆಲಸ ೧೮೯೮ರಲ್ಲಿ ಮೊದಲಾದುದು ಅವರ ದಿವಾನಗಿರಿಯಲ್ಲಿ, ಮುಗಿದುದು ೧೯೦೭ರಲ್ಲಿ. ಅವರಿಂದ ನೀರು ಹಿರಿಯೂರಿಗೆ ಬಂದಿತು. ಅವರ ಹೆಸರಿನ ಪುಸ್ತಕಭವನ ರಾಜಧಾನಿಯಲ್ಲಿಯೇ ನಿಂತಿತು.

ಈ ಮಾತನ್ನು ನಾವು ಚಮತ್ಕಾರಕ್ಕಾಗಿ ಹೇಳುತ್ತಿಲ್ಲ. ಸಂಸ್ಥಾನದ ಕಾಲದಲ್ಲಿ ಸಣ್ಣ ಊರುಗಳಲ್ಲಿ ಪುರಸಭೆಗಳ ಮತ್ತು ಸಂಘಗಳ ಆಶ್ರಯದಲ್ಲಿ ನಡೆದುವು ಬಹುಮಟ್ಟಿಗೆ ವಾಚನಾಲಯಗಳೇ. ವಾಚನಾಲಯಕ್ಕೂ ಗ್ರಂಥಾಲಯಕ್ಕೂ ಇರುವ ಅಂತರವನ್ನು ನಮ್ಮ ಬರೆಹಗಾರರು ಅನೇಕ ವೇಳೆ ಮರೆಯುತ್ತಾರೆ. ವಾಚನಾಲಯದಲ್ಲಿ ಮೇಜಿನ ಮೇಲೆ ವೃತ್ತಪತ್ರಿಕೆ ಹರಡಿರುವುದು. ಬಂದವರು ಅಲ್ಲಿಯೇ ಕುಳಿತು ಓದಿ ಎದ್ದು ಹೋಗುವರು. ಅಲ್ಲಿಗೆ ಬರಬಲ್ಲವರು ಹಗಲಿನಲ್ಲೊ ಸಂಜೆಯಲ್ಲೊ ಬಿಡುವಿದ್ದ ಗಂಡಸರು: ಗುಮಾಸ್ತರು, ಉಪಾಧ್ಯಾಯರು, ವಕೀಲರು, ನಿವೃತ್ತರು. ಮನೆಯ ಹೆಂಗಸರು ಆ ಬೆಂಚಿನ ಮೇಲೆ ಬಂದು ಕುಳಿತುಕೊಳ್ಳುವುದು ಅಂದಿನ ಸಮಾಜದಲ್ಲಿ ಸುಲಭವಾಗಿರಲಿಲ್ಲ. ಅವರಿಗೆ ಓದು ದೊರೆಯಬೇಕಾದರೆ ಪುಸ್ತಕವೇ ಅವರ ಬಳಿಗೆ ಹೋಗಬೇಕಾಗಿದ್ದಿತು.

ಓದಲು ಯೋಗ್ಯವಾದ ಪುಸ್ತಕಗಳ ಕೊರತೆಯಾದರೊ ದಿನೇ ದಿನೇ ಕಡಮೆಯಾಗುತ್ತ ಬಂದಿತು. ಬಿ. ವೆಂಕಟಾಚಾರ್ಯರು (೧೮೪೫–೧೯೧೪) ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿ ಒಂದು ಹೊಸ ಓದುಗರ ವರ್ಗವನ್ನೇ ಸೃಷ್ಟಿಸಿದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ನಂಜನಗೂಡು ತಿರುಮಲಾಂಬನವರು ತಮ್ಮ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಸ್ತ್ರೀಯರನ್ನೇ ಉದ್ದೇಶಿಸಿ ನಡೆಸಿದರು. ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲತಕ್ಕವರು ಎಂ. ಎಸ್. ಪುಟ್ಟಣ್ಣನವರು. ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಬರೆದವರೂ ಅವರೇ, ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಕಾದಂಬರಿಯನ್ನು ೧೯೧೫ರಲ್ಲಿ ಪ್ರಕಟಿಸಿದವರೂ ಅವರೇ. ಚರಿತ್ರೆ ಮತ್ತು ಕಥೆ ಒಂದೇ ಲೇಖನಿಯಿಂದ ಹೊರಟುವು. ಆದರೆ ವಿದ್ಯಾವಂತರ ಗೌರವ ಎರಡಕ್ಕೂ ಸಮನಾಗಿ ಸಲ್ಲಲಿಲ್ಲ. ಕಾದಂಬರಿ ಓದಿದರೆ ಹುಡುಗರು ಕೆಡುವರು, ಹೆಂಗಸರು ಮನೆಗೆಲಸ ಮರೆಯುವರು ಎಂಬ ಮಾತು ಬಹುಕಾಲ ನಡೆಯಿತು.

ಈ ತಿರಸ್ಕಾರ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಇಂಗ್ಲೆಂಡಿನಲ್ಲಿ ೧೮೫೦ರ ಕಾಯಿದೆಯ ಮೇರೆಗೆ ಸ್ಥಾಪಿತವಾದ ಗ್ರಂಥಾಲಯಗಳಲ್ಲಿ ಎರವಲು ಹೋಗುವ ಪುಸ್ತಕಗಳ ಪೈಕಿ ಕಾದಂಬರಿಗಳೇ ಹೆಚ್ಚೆಂದು ಕಂಡಾಗ, ಜನರ ತೆರಿಗೆಯಿಂದ ಕಥೆಪುಸ್ತಕ ಕೊಳ್ಳಬಹುದೆ ಎಂಬ ವಿವಾದ ದಶಕಗಳ ಕಾಲ ನಡೆಯಿತು. ಅಮೆರಿಕದ ಬಾಸ್ಟನ್ ನಗರದ ಗ್ರಂಥಾಲಯವು ೧೮೫೪ರಲ್ಲಿ ತೆರೆಯುವುದಕ್ಕೆ ಮೊದಲು ಅದರ ಸ್ಥಾಪಕರಲ್ಲಿಯೇ ಭಿನ್ನಾಭಿಪ್ರಾಯವಿದ್ದಿತು. ಪಂಡಿತರು ಬಂದು ಕುಳಿತು ಓದುವ ಭಂಡಾರವಾಗಿರಬೇಕೆಂದು ಎವರೆಟ್ಟರ ಒಲವು. ಜನಪ್ರಿಯ ಪುಸ್ತಕಗಳ ಅನೇಕ ಪ್ರತಿಗಳನ್ನು ಕೊಂಡು ಮನೆಗೆ ಕೊಡಬೇಕೆಂದು ಟಿಕ್ನರರ ಹಟ. ಟಿಕ್ನರರ ಪಕ್ಷವೇ ಗೆದ್ದಿತು. ನಮ್ಮ ಜಿಲ್ಲಾ ಗ್ರಂಥಾಲಯದ ಎರವಲು ವಿಭಾಗದ ಹಿಂದೆಯೂ ಇದೇ ಪ್ರಶ್ನೆ ಅಡಗಿರುವುದು.

೪

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮೈಸೂರು ರಾಜ್ಯದಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಹಳ್ಳಿಗಳಲ್ಲಿ ಅಕ್ಷರಪ್ರಚಾರವನ್ನು ಕೈಗೊಂಡಿತು. ಅದು ಹೊರಡಿಸುತ್ತಿದ್ದ ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹಳೆಯ ತಲೆಮಾರಿನ ಉಪಾಧ್ಯಾಯರು ನೆನೆಯುತ್ತಿದ್ದರು. ಅಕ್ಷರ ಕಲಿತವನ ಕೈಗೆ ಓದಲು ಏನನ್ನಾದರೂ ಕೊಡದಿದ್ದರೆ ಕಲಿತುದು ಮರೆತುಹೋಗುವುದೆಂಬ ಸತ್ಯವನ್ನು ಸಮಿತಿ ಅರಿತಿದ್ದಿತು. ಆದರೂ ೧೯೬೧ರ ಜನಗಣತಿಯಂತೆ ಮೈಸೂರು ರಾಜ್ಯದಲ್ಲಿ ನೂರಕ್ಕೆ ಸುಮಾರು ೨೫ ಮಂದಿ ಮಾತ್ರ ಅಕ್ಷರಸ್ಥರು. ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೧೪.

ಈ ಪರಿಸ್ಥಿತಿಯಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ೧೯೬೫ರಲ್ಲಿ ಅಂಗೀಕೃತವಾಗಿ ೧೯೬೬ರ ನವೆಂಬರ್ ೧ರಿಂದ ಜಾರಿಗೆ ಬಂದಿತು. ಮದರಾಸಿನಲ್ಲಿ ಇಂತಹ ಕಾಯಿದೆ ೧೯೪೮ರಲ್ಲಿಯೇ ಆಗಿದ್ದಿತು. ಅಂದು ಮುಖ್ಯಮಂತ್ರಿಗಳಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ನಡೆಸಿ ಅಲ್ಲಿಯೇ ಮನೆಮಾಡಿಕೊಂಡಿದ್ದ ಎಸ್. ನಿಜಲಿಂಗಪ್ಪನವರೆಂಬುದನ್ನು ಇಲ್ಲಿ ಸ್ಮರಿಸಬಹುದು. ಕಾಯಿದೆಯ ಹೆಚ್ಚುಗಾರಿಕೆ ಅದರ ಆರ್ಥಿಕ ಏರ್ಪಾಡಿನಲ್ಲಿ ಇರುವುದು. ಸ್ಥಳೀಯ ಸಂಸ್ಥೆಗಳು ವಸೂಲುಮಾಡುವ ಮನೆ ಮತ್ತು ನಿವೇಶನಗಳ ಕಂದಾಯ ಮೊದಲಾದ ಕೆಲವು ತೆರಿಗೆಗಳ ಮೇಲೆ ರೂಪಾಯಿಗೆ ೩ ಪೈಸೆಯಂತೆ ಗ್ರಂಥಾಲಯ ಕರವನ್ನು ಮೊದಲು ಗೊತ್ತುಮಾಡಲಾಯಿತು. ಮುಂದೆ ಇದನ್ನು ಹೆಚ್ಚಿಸಲಾಯಿತು. ಜಿಲ್ಲೆಯ ಭೂಕಂದಾಯದಲ್ಲಿ ನೂರಕ್ಕೆ ೩ರಷ್ಟು ಮೊಬಲಗನ್ನು ಸರ್ಕಾರ ಜಿಲ್ಲಾ ಗ್ರಂಥಾಲಯಕ್ಕೆ ಕೊಡತಕ್ಕುದೆಂದಾಯಿತು. ಈ ಏರ್ಪಾಡಿನ ಅರ್ಥವನ್ನು ಓದುಗನ ಕಡೆಯಿಂದ ನೋಡಬೇಕು. ಹೊಳಲ್ಕೆರೆಯಲ್ಲಿ ಮನೆಕಂದಾಯ ಕಟ್ಟಿದ ಗೃಹಸ್ಥನೂ, ಹೊಸದುರ್ಗದ ಹೊಲಕ್ಕೆ ಕಂದಾಯ ತೆತ್ತ ಒಕ್ಕಲಿಗನೂ, ಒಮ್ಮೆಯೂ ಗ್ರಂಥಾಲಯದ ಮುಖ ನೋಡದಿದ್ದರೂ ಅದರ ಪುಸ್ತಕಕ್ಕೆ ಬೆಲೆ ಕೊಟ್ಟಂತಾಯಿತು. ಅಲ್ಲಿಂದ ಮುಂದೆ ಅವನು ಪುಸ್ತಕ ಕೇಳುವುದು ದಾಕ್ಷಿಣ್ಯದ ಮಾತಲ್ಲ, ಹಕ್ಕಿನ ಮಾತು.

ಜಿಲ್ಲೆಯ ಮುಖ್ಯಸ್ಥಳದಲ್ಲಿ ಕೇಂದ್ರ ಗ್ರಂಥಾಲಯವೂ ಇತರ ಊರುಗಳಲ್ಲಿ ಶಾಖೆಗಳೂ ಇರುವ ಕ್ರಮ ಹೀಗೆ ಬೆಳೆಯಿತು. ಪುಸ್ತಕ ಕೊಳ್ಳುವ ನಿರ್ಧಾರ ಬಹುಮಟ್ಟಿಗೆ ಮೇಲಿನಿಂದ ಬರುವುದು. ಕನ್ನಡ ಪುಸ್ತಕಗಳನ್ನು ನೂರಾರು ಪ್ರತಿಗಳಲ್ಲಿ ಸಗಟು ಖರೀದಿ ಮಾಡಿ ಜಿಲ್ಲೆಜಿಲ್ಲೆಗೆ ಹಂಚುವ ಪದ್ಧತಿ ಕನ್ನಡ ಪ್ರಕಾಶನಕ್ಕೆ ದೊಡ್ಡ ಆಸರೆಯಾಗಿರುವುದು. ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ, ೧೯೮೦ರ ದಶಕದ ಕೊನೆಯ ಮಂಡಲ ಪಂಚಾಯಿತಿಗಳ ಕಾಲದಿಂದ ಪಂಚಾಯಿತಿ ಗ್ರಂಥಾಲಯಗಳು ಹೆಚ್ಚುತ್ತ ಬಂದುವು.

ಆದರೆ ಹಕ್ಕಿಗೂ ಬಳಕೆಗೂ ನಡುವೆ ಒಂದು ಹೊಸ್ತಿಲು ಉಳಿಯಿತು. ಒಳಗೆ ಕುಳಿತು ಓದುವುದಕ್ಕೆ ಯಾವ ಶುಲ್ಕವೂ ಇಲ್ಲ. ಮನೆಗೆ ಒಯ್ಯಬೇಕಾದರೆ ಸದಸ್ಯನಾಗಬೇಕು, ಠೇವಣಿ ಇಡಬೇಕು. ಠೇವಣಿ ಹಿಂದಕ್ಕೆ ಬರುವ ಹಣವೇ ಆದರೂ ಕೂಲಿಯವನಿಗೆ ಅದು ಒಮ್ಮೆಗೇ ಕೈಬಿಡಬೇಕಾದ ಹಣ. ಇನ್ನೊಂದು ಕಡೆ ಗ್ರಂಥಪಾಲಕನ ಕಷ್ಟವನ್ನೂ ಮರೆಯುವಂತಿಲ್ಲ. ಪುಸ್ತಕವನ್ನು ಪೀಠೋಪಕರಣದಂತೆ ಸರ್ಕಾರದ ಆಸ್ತಿಯೆಂದು ಎಣಿಸಿ, ದಾಸ್ತಾನಿನಲ್ಲಿ ಕಡಮೆ ಬಿದ್ದುದಕ್ಕೆ ಅವನನ್ನೇ ಹೊಣೆಮಾಡಿದರೆ, ಪುಸ್ತಕ ಕೊಡದಿರುವುದೇ ಅವನಿಗೆ ಕ್ಷೇಮ. ಬೀಗ ಹಾಕಿದ ಗಾಜಿನ ಬೀರುಗಳಿಗೆ ಕಾರಣ ಗ್ರಂಥಪಾಲಕನ ಸೋಮಾರಿತನವೆಂದು ಹಳಿಯುವುದಕ್ಕಿಂತ ಲೆಕ್ಕಪರಿಶೋಧನೆಯ ಭಯವೆಂದು ತಿಳಿಯುವುದು ನ್ಯಾಯ. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದನ್ನೇ ತಮ್ಮ ಪಂಚಸೂತ್ರಗಳಲ್ಲಿ ಮೊದಲನೆಯದನ್ನಾಗಿ ಎಸ್. ಆರ್. ರಂಗನಾಥನ್ನರು ೧೯೩೧ರಲ್ಲಿ ಪ್ರತಿಪಾದಿಸಿದುದು ಈ ಭಯದ ವಿರುದ್ಧವೇ. ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಮೇಜಿಗೆ ಸರಪಳಿಯಿಂದ ಬಿಗಿದಿದ್ದರು. ನಮ್ಮ ಲಿಪಿಕಾರನ ಶ್ಲೋಕ, ಅವರ ಸರಪಳಿ, ಇಂದಿನ ಬೀಗ ಇವು ಮೂರೂ ಒಂದೇ ಅಳುಕಿನ ರೂಪಗಳು.

೫

ಸಾರ್ವಜನಿಕ ಗ್ರಂಥಾಲಯ ಹಿಂಜರಿದ ಕಡೆ ಬೇರೆಯವರು ಮುಂದೆ ಬಂದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡನಾಡಿನ ಸಣ್ಣ ಪಟ್ಟಣಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳೆಂಬ ಖಾಸಗಿ ಅಂಗಡಿಗಳು ತಲೆಯೆತ್ತಿದುವು. ಒಂದು ಸಣ್ಣ ಕೋಣೆ, ಗೋಡೆಗೆ ಹಲಗೆಗಳು, ದಪ್ಪ ರಟ್ಟು ಹಾಕಿ ಹೊಲಿದ ಕಾದಂಬರಿಗಳು, ದಿನಕ್ಕೆ ಇಷ್ಟು ಪೈಸೆಯೆಂದು ಬಾಡಿಗೆ, ಇಷ್ಟೇ ಅದರ ಬಂಡವಾಳ. ಅನಕೃ, ತ.ರಾ.ಸು., ತ್ರಿವೇಣಿ, ಎಂ. ಕೆ. ಇಂದಿರಾ ಇವರ ಕೃತಿಗಳೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳೂ ಪಕ್ಕಪಕ್ಕದಲ್ಲಿ ನಿಂತಿದ್ದುವು. ಅಂಗಡಿಯವನಿಗೆ ಉತ್ತಮ ಅಭಿರುಚಿಯ ಪ್ರಶ್ನೆಯಿಲ್ಲ. ಕೇಳಿದ ಪುಸ್ತಕ ಕೊಡುವುದೇ ಅವನ ಧರ್ಮ. ಇಂಗ್ಲೆಂಡಿನಲ್ಲಿ ೧೮೪೨ರಲ್ಲಿ ಮೂಡಿ ಎಂಬವನು ತೆರೆದ ಬಾಡಿಗೆ ಗ್ರಂಥಾಲಯ ಅಲ್ಲಿಯ ಕಾದಂಬರಿಯ ಗಾತ್ರವನ್ನೇ ನಿರ್ಣಯಿಸುವಷ್ಟು ಪ್ರಬಲವಾಗಿದ್ದಿತು. ನಮ್ಮ ಅಂಗಡಿಗಳಿಗೆ ಅಷ್ಟು ಬಲವಿರಲಿಲ್ಲ. ಆದರೂ ಸಾವಿರ ಪ್ರತಿ ಅಚ್ಚಾದ ಕಾದಂಬರಿಯನ್ನು ಹಲವು ಸಾವಿರ ಮಂದಿ ಓದುವಂತಾದುದರಲ್ಲಿ ಅವುಗಳ ಪಾಲು ದೊಡ್ಡದು.

ಇದರ ಜೊತೆಗೆ ಲೆಕ್ಕಕ್ಕೆ ಸಿಗದ ಇನ್ನೊಂದು ಎರವಲು ನಡೆಯುತ್ತಿದ್ದಿತು. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯ ಹಾಳೆಗಳನ್ನು ವಾರವಾರವೂ ಬಿಡಿಸಿಟ್ಟು, ಮುಗಿದ ಮೇಲೆ ದಬ್ಬಣದಿಂದ ಹೊಲಿದು, ಹಳೆಯ ರಟ್ಟು ಹಾಕಿ ಪುಸ್ತಕವಾಗಿ ಮಾಡಿಕೊಳ್ಳುವುದು ಅನೇಕ ಮನೆಗಳ ರೂಢಿ. ೧೯೬೫ರ ಜನವರಿಯಲ್ಲಿ ‘ಸುಧಾ’ ವಾರಪತ್ರಿಕೆ ಹೊರಟ ಮೇಲೆ ಈ ರೂಢಿ ಬಲವಾಯಿತು. ಹೀಗೆ ಹೊಲಿದ ಪುಸ್ತಕ ಹಿತ್ತಲ ಬಾಗಿಲಿನಿಂದ ಹಿತ್ತಲ ಬಾಗಿಲಿಗೆ ಹೋಗುತ್ತಿದ್ದಿತು. ಗ್ರಂಥಾಲಯದ ಪುಸ್ತಕವೂ ಇದೇ ದಾರಿ ಹಿಡಿಯಿತು. ಗಂಡನ ಹೆಸರಿನಲ್ಲಿ, ಅಣ್ಣನ ಹೆಸರಿನಲ್ಲಿ, ಕಾಲೇಜಿಗೆ ಹೋಗುವ ಮಗನ ಹೆಸರಿನಲ್ಲಿ ಪಡೆದ ಪುಸ್ತಕವನ್ನು ನಿಜವಾಗಿ ಓದಿದವರು ಮನೆಯ ಹೆಂಗಸರು. ದಫ್ತರದಲ್ಲಿ ಗಂಡಸಿನ ಸಹಿಯಿರುವುದರಿಂದ ಅವರ ಓದು ಚರಿತ್ರೆಯ ಕಣ್ಣಿಗೆ ಬೀಳಲಿಲ್ಲ. ೧೯೬೩ರಲ್ಲಿ ಅಕಾಲಮೃತ್ಯುವಿಗೆ ಈಡಾದ ತ್ರಿವೇಣಿಯವರ ಕಾದಂಬರಿಗಳಿಗೆ ಅಷ್ಟು ದೊಡ್ಡ ಓದುಗವೃಂದ ಎಲ್ಲಿಂದ ಬಂದಿತೆಂದು ಕೇಳಿದರೆ, ಈ ಸಹಿಯಿಲ್ಲದ ಓದುಗರಿಂದಲೆ ಎಂದು ಉತ್ತರ ಹೇಳಬೇಕಾಗುವುದು.

ಇನ್ನು ನಮ್ಮ ಎರಡನೆಯ ಕಾರಣಕ್ಕೆ ಬರೋಣ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನ ಕನ್ನಡಕ್ಕೆ ಇಬ್ಬರು ದೊಡ್ಡವ್ಯಕ್ತಿಗಳನ್ನು ಕೊಟ್ಟಿತು. ಒಬ್ಬರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು (೧೮೮೫–೧೯೩೯), ಇನ್ನೊಬ್ಬರು ಅವರ ತಮ್ಮನ ಮಗ ತ.ರಾ. ಸುಬ್ಬರಾಯರು (೧೯೨೦–೧೯೮೪). ತ.ರಾ.ಸು. ಅವರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳಿಂದ ಆರಂಭಿಸಿ, ೧೯೮೨ರಲ್ಲಿ ಪ್ರಕಟವಾದ ‘ದುರ್ಗಾಸ್ತಮಾನ’ದವರೆಗೆ ದುರ್ಗದ ನಾಯಕರ ಕಥೆಯನ್ನು ಬಿಡಿಸಿ ಹೇಳಿದರು. ಕೊನೆಯ ಕೃತಿ ಮದಕರಿನಾಯಕನ ಏಳ್ಗೆಯನ್ನೂ ೧೭೭೯ರಲ್ಲಿ ಹೈದರಾಲಿಯಿಂದ ದುರ್ಗದ ಪತನವನ್ನೂ ವಸ್ತುವಾಗಿ ಉಳ್ಳದ್ದು. ಅದಕ್ಕೆ ಲೇಖಕರ ಮರಣಾನಂತರ ೧೯೮೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರ ಸಾಮಾಜಿಕ ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ ಚಲನಚಿತ್ರ ೧೯೭೨ರಲ್ಲಿ ತೆರೆಕಂಡು ಕೋಟೆಯನ್ನೂ ಓಬವ್ವನ ಕಥೆಯನ್ನೂ ನಾಡಿನ ಮೂಲೆಮೂಲೆಗೆ ಮುಟ್ಟಿಸಿತು.

ರೈಸ್ ಅವರು ಸಂಪಾದಿಸಿದ ಚಿತ್ರದುರ್ಗ ಜಿಲ್ಲೆಯ ಶಾಸನಸಂಪುಟ ವಿದ್ವಾಂಸರಿಗೆ ಅಮೂಲ್ಯವಾದುದು. ಆದರೆ ಅದನ್ನು ಗ್ರಂಥಾಲಯದಲ್ಲಿ ಕುಳಿತು ನೋಡಬೇಕು. ಪುಟ್ಟಣ್ಣನವರ ಚರಿತ್ರೆಯನ್ನು ಓದಿದವರು ಕೆಲವರು. ‘ರಕ್ತರಾತ್ರಿ’ಯಾದರೊ ರಾತ್ರಿ ಮನೆಯ ದೀಪದ ಮುಂದೆ ಓದಿಸಿಕೊಂಡಿತು. ದಳವಾಯಿ ಮುದ್ದಣ್ಣನ ದ್ರೋಹವನ್ನು ಈ ಸೀಮೆಯ ಜನ ಅರಿತುದು ಕಾದಂಬರಿಯಿಂದಲೇ ಹೊರತು ಪಠ್ಯಪುಸ್ತಕದಿಂದಲ್ಲ. ಕಾದಂಬರಿಕಾರನ ಕಲ್ಪನೆ ಎಲ್ಲಿ ಮುಗಿಯುವುದು, ದಾಖಲೆ ಎಲ್ಲಿ ಮೊದಲಾಗುವುದು ಎಂಬುದನ್ನು ವಿಂಗಡಿಸುವುದು ಚರಿತ್ರೆಯ ಅಧ್ಯಾಪಕನ ಕೆಲಸ, ಅದನ್ನು ಬಿಡಲಾಗದು. ಆದರೆ ವಿದ್ಯಾರ್ಥಿ ತರಗತಿಗೆ ಬರುವ ಮೊದಲೇ ದುರ್ಗದ ಚರಿತ್ರೆಯಲ್ಲಿ ಆಸಕ್ತನಾಗಿ ಬರುವನಾದರೆ, ಆ ಆಸಕ್ತಿ ಯಾರೋ ಎರವಲು ತಂದ ಒಂದು ಪುಸ್ತಕದ ಋಣ. ಹೊತ್ತು ಕಳೆಯುವ ಓದೆಂದು ನಾವು ಕಡೆಗಣಿಸಿದುದೇ ನಮ್ಮ ಶಾಸ್ತ್ರಕ್ಕೆ ನೆಲ ಹದಮಾಡಿತು.

೬

ಇಂತಹ ಚರಿತ್ರೆಗೆ ಆಧಾರಗಳೇನು? ಮುಖ್ಯವಾಗಿ ಎರಡು. ಒಂದು, ಎರವಲು ದಫ್ತರ. ಇನ್ನೊಂದು, ಪುಸ್ತಕದ ಕೊನೆಯಲ್ಲಿ ಅಂಟಿಸಿರುವ ತಾರೀಖಿನ ಚೀಟಿ. ಹಿಂದಿರುಗಿಸಬೇಕಾದ ದಿನವನ್ನು ಮೊಹರಿನಿಂದ ಒತ್ತುವ ಆ ಚೀಟಿ ಒಂದು ಪುಟ್ಟ ಶಾಸನವೇ ಸರಿ. ಅದರಿಂದ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು, ಯಾವ ತಿಂಗಳುಗಳಲ್ಲಿ ಹೆಚ್ಚು ಹೋಯಿತು, ಯಾವ ವರ್ಷದಿಂದ ಹೋಗುವುದು ನಿಂತಿತು ಎಂಬುದನ್ನು ತಿಳಿಯಬಹುದು. ನಾಲ್ಕು ಊರುಗಳ ಶಾಖೆಗಳಲ್ಲಿರುವ ಒಂದೇ ಕಾದಂಬರಿಯ ನಾಲ್ಕು ಪ್ರತಿಗಳ ಚೀಟಿಗಳನ್ನು ಹೋಲಿಸಿದರೆ ಉಪಯುಕ್ತವಾದ ವಿಷಯಗಳು ಹೊರಬೀಳುವುದರಲ್ಲಿ ಸಂದೇಹವಿಲ್ಲ. ಅಡಕೆ, ತೆಂಗುಗಳಿರುವ ಹೊಳಲ್ಕೆರೆ, ಹೊಸದುರ್ಗಗಳ ಬಿಡುವು ಬೇರೆ, ಮಾರಿಕಣಿವೆಯ ನಾಲೆಯ ಕೆಳಗಿನ ಹಿರಿಯೂರಿನ ಬಿಡುವು ಬೇರೆ, ಕಚೇರಿಗಳ ಊರಾದ ಚಿತ್ರದುರ್ಗದ ಬಿಡುವು ಬೇರೆ. ಓದಿನ ಋತುಮಾನ ಬೇಸಾಯದ ಋತುಮಾನವನ್ನು ಅನುಸರಿಸಿತೆ, ಶಾಲೆಯ ರಜೆಯನ್ನು ಅನುಸರಿಸಿತೆ ಎಂಬುದು ಒಳ್ಳೆಯ ಸಂಶೋಧನೆಯ ಪ್ರಶ್ನೆ.

ಈ ಆಧಾರಗಳನ್ನು ಬಳಸುವಾಗ ಕೆಲವು ಎಚ್ಚರಗಳೂ ಅವಶ್ಯ. ಎರವಲು ತಂದುದೆಲ್ಲ ಓದಿದುದಲ್ಲ. ಒಂದು ಸಲ ತಂದುದನ್ನು ನಾಲ್ವರು ಓದಿರಬಹುದು. ಬಹಳ ಬೇಡಿಕೆಯಿದ್ದ ಪುಸ್ತಕ ಬೇಗ ಹರಿದು ದಾಸ್ತಾನಿನಿಂದ ಹೊರಬೀಳುವುದರಿಂದ ಅತ್ಯಂತ ಜನಪ್ರಿಯವಾದುದರ ಚೀಟಿಯೇ ನಮಗೆ ಸಿಗದೆ ಹೋಗಬಹುದು. ಯಾರೂ ಮುಟ್ಟದ ಪುಸ್ತಕ ಮಾತ್ರ ಹೊಚ್ಚಹೊಸದಾಗಿ ಉಳಿದಿರುವುದು. ದಫ್ತರದಲ್ಲಿ ಓದುಗರ ಹೆಸರುಗಳಿರುವುದರಿಂದ ಅವುಗಳನ್ನು ಪ್ರಕಟಿಸುವುದು ಸಲ್ಲದು. ಎಣಿಕೆಗೆ ಮಾತ್ರ ಬಳಸತಕ್ಕುದು.

ಪರಿಸ್ಥಿತಿ ಈಗ ವೇಗವಾಗಿ ಬದಲಾಗುತ್ತಿರುವುದು. ಐದು ಸಾವಿರಕ್ಕೂ ಮೇಲ್ಪಟ್ಟ ಗ್ರಾಮಪಂಚಾಯಿತಿ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಇಂದು ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆತರುವ ಪ್ರಯತ್ನ ನಡೆಯಿತು. ಅದೇ ವರ್ಷ ಸಾರ್ವಜನಿಕ ಗ್ರಂಥಾಲಯದ ಡಿಜಿಟಲ್ ರೂಪವೂ ಬಂದಿತು. ೨೦೧೧ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು ೭೪ ಮಂದಿ ಅಕ್ಷರಸ್ಥರು. ಐವತ್ತು ವರ್ಷಗಳ ಹಿಂದೆ ರಾಜ್ಯಕ್ಕೇ ೨೫ ಇದ್ದುದನ್ನು ನೆನೆದರೆ ಓದಬಲ್ಲವರ ಸಂಖ್ಯೆ ಎಷ್ಟು ಹೆಚ್ಚಿತೆಂದು ಬೇರೆ ಹೇಳಬೇಕಾದುದಿಲ್ಲ. ಆದರೆ ಇಂದಿನ ಗ್ರಂಥಾಲಯದ ಬೆಂಚುಗಳನ್ನು ತುಂಬಿರುವವರು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಯುವಕಯುವತಿಯರು. ಅವರ ಶ್ರಮ ಗೌರವಾರ್ಹವಾದುದು. ಅವರಿಗೆ ಸ್ಥಳವೂ ಪುಸ್ತಕವೂ ದೊರೆಯಲೇಬೇಕು. ಆದರೆ ಗ್ರಂಥಾಲಯ ಮತ್ತೆ ಕುಳಿತು ಓದುವ ವಾಚನಾಲಯವಾಗಿ, ಎರವಲು ಎರಡನೆಯ ಮಾತಾಗಿ ಹೋದರೆ, ನೂರು ವರ್ಷಗಳಲ್ಲಿ ಸಾಧಿಸಿದ ಒಂದು ಹಕ್ಕು ಸದ್ದಿಲ್ಲದೆ ಕೈಬಿಟ್ಟುಹೋಗುವುದು.

ಹಳೆಯ ದಫ್ತರಗಳ ಗತಿಯೂ ಇದೇ. ಗಣಕಯಂತ್ರ ಬಂದಮೇಲೆ ಅವು ಅಟ್ಟ ಸೇರುವುವು. ಅಟ್ಟದಿಂದ ರದ್ದಿಗೆ ಹೋಗುವುವು. ಹರಿದ ಕಾದಂಬರಿಯನ್ನು ತೆಗೆದುಹಾಕುವಾಗ ಅದರ ಚೀಟಿಯನ್ನು ಯಾರೂ ಬಿಡಿಸಿಡುವುದಿಲ್ಲ. ಊರಾಚೆಯ ಬಂಡೆಯ ಮೇಲಿನ ಶಾಸನವನ್ನು ಪಡಿಯಚ್ಚು ತೆಗೆದು ಕಾಪಾಡುವ ನಾವು, ನಮ್ಮ ಅಜ್ಜಿಯರು ಏನನ್ನು ಓದಿ ನಕ್ಕರು, ಏನನ್ನು ಓದಿ ಅತ್ತರು ಎಂಬುದಕ್ಕಿರುವ ಈ ಬಡ ದಾಖಲೆಯನ್ನು ಕಣ್ಣೆದುರಿಗೇ ಕಳೆದುಕೊಳ್ಳುತ್ತಿದ್ದೇವೆ. ಆದುದರಿಂದ ಈ ಸೀಮೆಯ ಕಾಲೇಜುಗಳ ಚರಿತ್ರೆ ಮತ್ತು ಕನ್ನಡ ವಿಭಾಗಗಳ ಅಧ್ಯಾಪಕರಲ್ಲಿ ನಮ್ಮ ಬಿನ್ನಹವಿಷ್ಟು: ವರ್ಷಕ್ಕೆ ಇಬ್ಬರು ಮೂವರು ವಿದ್ಯಾರ್ಥಿಗಳನ್ನು, ಗ್ರಂಥಪಾಲಕರ ಅನುಮತಿ ಪಡೆದು, ಈ ನಾಲ್ಕು ಊರುಗಳ ಗ್ರಂಥಾಲಯಗಳಿಗೆ ಕಳುಹಿಸಿ ಅಲ್ಲಿ ಉಳಿದಿರುವ ಚೀಟಿಗಳನ್ನೂ ದಫ್ತರಗಳನ್ನೂ ಪ್ರತಿಮಾಡಿಸಿ ಇಡತಕ್ಕುದು. ಹಿಂದೆ ಪುಸ್ತಕ ಎರವಲು ತಂದು ಓದಿದ ವೃದ್ಧರ, ಅದರಲ್ಲಿಯೂ ವೃದ್ಧೆಯರ, ನೆನಪುಗಳನ್ನು ಬರೆದುಕೊಳ್ಳತಕ್ಕುದು. ದಫ್ತರದಲ್ಲಿ ಸಹಿಯಿಲ್ಲದವರ ಸಾಕ್ಷ್ಯ ಅವರ ಬಾಯಿಂದಲ್ಲದೆ ಬೇರೆಲ್ಲಿಯೂ ದೊರೆಯದು; ಅದಕ್ಕೆ ಉಳಿದಿರುವ ಕಾಲವೂ ಹೆಚ್ಚಿಲ್ಲ. ಈ ಕೆಲಸ ನಡೆದ ಮೇಲೆ ಇಂದು ಪೀಠಿಕೆಯಾಗಿ ಬರೆದುದನ್ನು ಚರಿತ್ರೆಯಾಗಿ ಬರೆಯಲು ಬೇರೆಯವರಿಗೆ ಅನುಕೂಲವಾಗುವುದೆಂದು ನಂಬಿದ್ದೇವೆ.